34ನೇ ಪರ್ಸೆಂಟೈಲ್ ಎಂದರೆ ಫೇಲ್ ಅಲ್ಲ

ಮಗುವಿನ ಬುದ್ಧಿಮತ್ತೆ (ಐಕ್ಯೂ) ಪರೀಕ್ಷೆಯ ವರದಿಯಲ್ಲಿ ‘34ನೇ ಪರ್ಸೆಂಟೈಲ್’ ಎಂದು ಕಂಡ ತಕ್ಷಣ ಅಪ್ಪ-ಅಮ್ಮಂದಿರ ಮುಖ ಸಪ್ಪಗಾಗುತ್ತದೆ. 35 ಬಂದರೆ ಪಾಸ್ ಎಂಬ ಲೆಕ್ಕದಲ್ಲೇ ಓದಿ ಬಂದವರು ನಾವು. ‘ಒಂದೇ ಮಾರ್ಕ್ಸಲ್ಲಿ ಹೋಯ್ತಾ ಮೇಡಂ?’ ಎಂದು ಕೇಳುವವರೂ ಇದ್ದಾರೆ.

ಮಕ್ಕಳ ಬುದ್ಧಿಮತ್ತೆ ಅಳೆಯುವ ಪ್ರಮಾಣೀಕೃತ ಪರೀಕ್ಷೆಗಳಲ್ಲಿ ಪಾಸು-ಫೇಲು ಎಂಬುದೇ ಇಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗುವಿನ ಹಿಂದೆ ಸುಮಾರು 34 ಮಕ್ಕಳಿರುತ್ತಾರೆ, ಅಷ್ಟೇ. ಹೆಚ್ಚಿನ ಪರೀಕ್ಷೆಗಳು ಸರಾಸರಿಯನ್ನು 100 ಎಂದು ಇಟ್ಟುಕೊಳ್ಳುತ್ತವೆ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ. 34ನೇ ಪರ್ಸೆಂಟೈಲಿನ ಮಗುವಿನ ಅಂಕ 94. ಎಲ್ಲರಂತಿರುವ ಮಗು.

ಮಧ್ಯದಲ್ಲಿ ಮಕ್ಕಳ ದಟ್ಟಣೆ ಜಾಸ್ತಿ. ಹಾಗಾಗಿ 94ರಿಂದ 100ಕ್ಕೆ ಏರಿದರೆ ಪರ್ಸೆಂಟೈಲ್ 34ರಿಂದ 50ಕ್ಕೆ ಜಿಗಿಯುತ್ತದೆ. ಅದೇ ಆರು ಅಂಕ 130ರ ಮೇಲೆ ಸೇರಿದರೆ 98 ಇದ್ದದ್ದು 99 ಆಗುತ್ತದೆ. ಅಕ್ಕನ ಮಗ 50, ನಮ್ಮವನು 34 ಎಂದು ಹೋಲಿಸಿ ಕೊರಗುವವರು ಇದನ್ನು ಗಮನಿಸಬೇಕು. (ಜೆಇಇ ಮೇನ್ ಫಲಿತಾಂಶದ ದಿನ ಇದು ತಿರುವುಮುರುವು. ಅಲ್ಲಿ 90 ಪರ್ಸೆಂಟೈಲ್ ಎಂದರೆ ಸಿಹಿ ಹಂಚುತ್ತಾರೆ. ಹತ್ತು ಲಕ್ಷ ಮಕ್ಕಳು ಬರೆದಿದ್ದರೆ ಮುಂದೆ ಒಂದು ಲಕ್ಷ ಮಂದಿ ಇದ್ದಾರೆಂಬುದು ಕೌನ್ಸೆಲಿಂಗ್ ಹೊತ್ತಿಗೆ ಗೊತ್ತಾಗುತ್ತದೆ.)

94ರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘89–99’ ಎಂದೇನೋ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ರಾತ್ರಿ ನಿದ್ದೆಗೆಟ್ಟ ಮಗು, ಹೊಸ ಕೋಣೆ, ಅಪರಿಚಿತ ಆಂಟಿ — ಅಂಕ ಒಂದಿಷ್ಟು ಆಚೀಚೆ ಆಗಿಯೇ ಆಗುತ್ತದೆ. ನಿಜವಾದ ಸಾಮರ್ಥ್ಯ ಬಹುಶಃ ಈ ವ್ಯಾಪ್ತಿಯೊಳಗೆ ಇದೆ ಎಂಬುದು ಅದರ ಅರ್ಥ. ಹೋದ ಸಲ 97, ಈ ಸಲ 94 ಬಂತೆಂದರೆ ಮಗು ದಡ್ಡನಾಗಿಲ್ಲ.

ನನ್ನನ್ನು ಕೇಳಿದರೆ, ಒಟ್ಟು ಅಂಕಕ್ಕಿಂತ ಒಳಗಿನ ಪುಟಗಳೇ ಮುಖ್ಯ. ಇದೇ 94ರ ಮಗುವಿಗೆ ಭಾಷಾ ಗ್ರಹಿಕೆಯಲ್ಲಿ 108, ಕೆಲಸದ ವೇಗದಲ್ಲಿ 82 ಇರಬಹುದು. ಮೊದಲನೆಯದು 70ನೇ ಪರ್ಸೆಂಟೈಲ್, ಎರಡನೆಯದು 12ನೆಯದು. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತದೆ. ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುವಷ್ಟರಲ್ಲಿ ಟೀಚರ್ ಒರೆಸಿಬಿಟ್ಟಿರುತ್ತಾರೆ. ಮನೆಯಲ್ಲಿ ‘ಸೋಮಾರಿ’ ಎಂಬ ಬಿರುದು. ಇಂಥ ಮಗುವಿಗೆ ಬೇಕಾದದ್ದು ಇನ್ನೊಂದು ಟ್ಯೂಷನ್ ಅಲ್ಲ, ಬರೆಯಲು ಹೆಚ್ಚು ಸಮಯ. ನಿರ್ದಿಷ್ಟ ಕಲಿಕಾ ತೊಂದರೆಯನ್ನು (ಓದು, ಬರಹ ಅಥವಾ ಲೆಕ್ಕ ಕಲಿಯುವುದರಲ್ಲಿ ಆಗುವ ತೊಂದರೆ) 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಆದರೆ ಒಟ್ಟು ಅಂಕ ನೋಡಿ ಆ ತೊಂದರೆ ಇದೆ-ಇಲ್ಲ ಎಂದು ತೀರ್ಮಾನಿಸಲಾಗದು. ಓದು, ಬರಹ, ಲೆಕ್ಕದ ಪರೀಕ್ಷೆಗಳು ಬೇರೆಯೇ ಆಗಬೇಕು.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಬೇಡ: ಯಾವ ಮಕ್ಕಳೊಂದಿಗೆ ಹೋಲಿಸಿದಿರಿ? ವಿದೇಶದಲ್ಲಿ ರೂಪುಗೊಂಡ ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲಿ. ಭಾರತದ ಮಕ್ಕಳಿಗಾಗಿ ಮಾಲಿನ್ ಅವರು ಹೊಂದಿಸಿದ ಬುದ್ಧಿಮತ್ತೆ ಮಾಪಕ 1960ರ ದಶಕದ್ದು. ಎರಡೂ ನಮ್ಮಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದವು. ಅಂದಿನ ಮಕ್ಕಳ ಅಂಕಗಳಿಂದ ಮಾಡಿದ ಹಳೆಯ ಮಾನದಂಡದಲ್ಲಿ ಅಳೆದರೆ ಇಂದಿನ ಮಗುವಿನ ಅಂಕ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚೇ ಕಾಣುತ್ತದೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗುವಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದ್ದರೆ, ಭಾಷಾ ವಿಭಾಗದಲ್ಲಿ ಕಡಿಮೆ ಬಂದಿದ್ದು ಬುದ್ಧಿಯದೋ ಇಂಗ್ಲಿಷಿನದೋ ಹೇಳುವುದು ಕಷ್ಟ. ಪರೀಕ್ಷೆಯ ಹೆಸರು, ಆವೃತ್ತಿ, ಬಳಸಿದ ಭಾಷೆ ವರದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಿ.

ಅಂಕ ಇಷ್ಟವಾಗಲಿಲ್ಲವೆಂದು ಮುಂದಿನ ತಿಂಗಳೇ ಬೇರೊಬ್ಬರ ಬಳಿ ಅದೇ ಪರೀಕ್ಷೆ ಮಾಡಿಸಬೇಡಿ. ಪ್ರಶ್ನೆಗಳು ನೆನಪಿರುವುದರಿಂದ ಅಂಕ ಏರುತ್ತದೆ, ಮಗು ಇದ್ದಲ್ಲೇ ಇರುತ್ತದೆ.

ಮಗುವಿಗೆ ಏನು ಹೇಳಬೇಕು? ಸಂಖ್ಯೆಯನ್ನಂತೂ ಬೇಡ. ‘ನಿನಗೆ ಕೇಳಿದ್ದು ಚೆನ್ನಾಗಿ ಅರ್ಥ ಆಗುತ್ತಂತೆ, ಬರೆಯೋಕೆ ಸ್ವಲ್ಪ ಟೈಮ್ ಬೇಕಂತೆ. ಮಿಸ್ ಹತ್ರ ನಾನು ಮಾತಾಡ್ತೀನಿ’ ಎಂದರೆ ಸಾಕು. ಮಾತಾಡಲು ಹೋಗುವಾಗ ವರದಿಯ ಕೊನೆಯ ಪುಟದ ಶಿಫಾರಸುಗಳ ಜೆರಾಕ್ಸ್ ಒಂದು ಕೈಯಲ್ಲಿರಲಿ. ಕ್ಲಾಸ್ ಟೀಚರಿಗೆ ಉಪಯೋಗಕ್ಕೆ ಬರುವುದು ಆ ಪುಟವೇ.