ರೇಡಿಯೇಟರ್ ಜೋಡಣೆ: ಬೇಗ ಬಿಗಿಯುವುದೋ, ಬೋಲ್ಟನ್ನೇ ಬಿಡುವುದೋ?

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಘಟಕಗಳಲ್ಲಿ ಜೋಡಣೆಯ ವೇಗ ಹೆಚ್ಚಿಸುವ ಮಾತು ಬಂದಾಗ ಮೊದಲು ಕೇಳಿಬರುವ ಬೇಡಿಕೆ ಇನ್ನಷ್ಟು ಚುರುಕಾದ, ಗಾಳಿಯ ಒತ್ತಡದಿಂದ ಬೋಲ್ಟ್ ಬಿಗಿಯುವ ನ್ಯೂಮ್ಯಾಟಿಕ್ ಗನ್‌ಗಾಗಿ. ಆದರೆ ಕಾರಿನ ಎಂಜಿನ್ ತಂಪಾಗಿಸುವ ಭಾಗಗಳಲ್ಲಿ ಬೋಲ್ಟನ್ನು ಬೇಗ ಬಿಗಿಯುವುದಕ್ಕಿಂತ ಆ ಬೋಲ್ಟೇ ಬೇಡವಾಗುವಂತೆ ವಿನ್ಯಾಸ ಮಾಡುವುದರಲ್ಲಿ ಹೆಚ್ಚಿನ ಲಾಭವಿದೆ.

ಇದಕ್ಕೆ ಬೂತ್‌ರಾಯ್ಡ್ ಮತ್ತು ಡ್ಯೂಹರ್ಸ್ಟ್ ಎಂಬ ವಿನ್ಯಾಸ ತಜ್ಞರು ರೂಪಿಸಿದ ಮೂರು ಪ್ರಶ್ನೆಗಳು ಸಾಕು. ಈ ಭಾಗ ಪಕ್ಕದ ಭಾಗವನ್ನು ಬಿಟ್ಟು ತಾನೇ ಚಲಿಸಬೇಕೆ? ಬೇರೆ ವಸ್ತುವಿನದೇ ಆಗಿರಬೇಕೆ? ಉಳಿದವನ್ನು ಜೋಡಿಸಲು ಅಥವಾ ಬಿಚ್ಚಲು ಪ್ರತ್ಯೇಕವಾಗಿರಲೇಬೇಕೆ? ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಆ ಭಾಗ ಪ್ರತ್ಯೇಕವಾಗಿ ಬೇಕಿಲ್ಲ. ತಿರುಗಲೇಬೇಕಾದ ಫ್ಯಾನ್ ಈ ಪರೀಕ್ಷೆಯಲ್ಲಿ ಉಳಿಯುತ್ತದೆ. ಅದರ ಶ್ರೌಡನ್ನು (ಫ್ಯಾನಿನ ಸುತ್ತಲಿನ ಹೊದಿಕೆಯನ್ನು) ರೇಡಿಯೇಟರಿಗೆ ಹಿಡಿದಿಡುವ ಬೋಲ್ಟುಗಳು ಉಳಿಯುವುದಿಲ್ಲ. ರೇಡಿಯೇಟರಿನ ಟ್ಯಾಂಕುಗಳು ಹೇಗೂ ಗಾಜಿನ ಎಳೆ ಬೆರೆಸಿದ ನೈಲಾನಿನಲ್ಲಿ ಅಚ್ಚಾಗುವುದರಿಂದ, ಅದೇ ಅಚ್ಚಿನಲ್ಲಿ ಕೊಕ್ಕೆಗಳನ್ನೂ ಮೂಡಿಸಿದರೆ ಶ್ರೌಡನ್ನು ಕೆಳಗೆ ಕೂರಿಸಿ ಮೇಲೆ ಒತ್ತಿ ಸಿಕ್ಕಿಸಬಹುದು. ಅಚ್ಚಿನ ಖರ್ಚು ಏರುತ್ತದೆ, ನಿಜ. ಉತ್ಪಾದನೆಯ ಸಂಖ್ಯೆ ಚಿಕ್ಕದಿದ್ದರೆ ಬೋಲ್ಟೇ ಅಗ್ಗ.

ಕಂಡೆನ್ಸರ್ (ಎಸಿಯ ಅನಿಲವನ್ನು ತಂಪಾಗಿಸುವುದು), ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಂಪಾಗಿಸುವುದು), ರೇಡಿಯೇಟರ್ ಮತ್ತು ಫ್ಯಾನುಗಳನ್ನು ಪಕ್ಕದ ಮೇಜಿನ ಮೇಲೆ ಒಂದೇ ಮಾಡ್ಯೂಲಾಗಿ ಜೋಡಿಸಿ, ಸೋರಿಕೆ ಪರೀಕ್ಷೆ ಮುಗಿಸಿ, ಬಳಿಕ ಕಾರಿನ ಕೆಳ ಅಡ್ಡಪಟ್ಟಿಯ ರಬ್ಬರ್ ಬುಷ್‌ಗಳಲ್ಲಿ ಇಳಿಸುವುದು ಎರಡನೆಯ ಹೆಜ್ಜೆ.

ನಿಜವಾದ ತೊಡಕು ಹೋಸ್ ಪೈಪುಗಳದು. ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಿಪ್ಪಿನ ಗುಣಮಟ್ಟ ಕೆಲಸಗಾರನ ಕೈಯನ್ನು ಅವಲಂಬಿಸಿದೆ. ಅಲ್ಲದೆ ಎಂಜಿನ್ ಮತ್ತೆ ಮತ್ತೆ ಬಿಸಿಯಾಗಿ ಆರಿದಂತೆ ರಬ್ಬರ್ ತಗ್ಗುತ್ತದೆ, ಕ್ಲಿಪ್ ಮಾತ್ರ ಮೊದಲಿದ್ದಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಕ್ಲ್ಯಾಂಪ್ ರಬ್ಬರ್ ತಗ್ಗಿದಷ್ಟೂ ತಾನೂ ಬಿಗಿಯುತ್ತ ಹೋಗುತ್ತದೆ. ಅದನ್ನು ಸರಬರಾಜುದಾರರೇ ತೆರೆದ ಸ್ಥಿತಿಯಲ್ಲಿ ಹೋಸಿಗೆ ಅಂಟಿಸಿ ಕಳುಹಿಸಿದರೆ ಲೈನಿನಲ್ಲಿ ಉಳಿಯುವುದು ಹೋಸನ್ನು ಗುರುತಿನವರೆಗೆ ತಳ್ಳಿ, ಕ್ಲ್ಯಾಂಪನ್ನು ತೆರೆದಿಟ್ಟಿರುವ ಪಿನ್ ಎಳೆಯುವ ಕೆಲಸವಷ್ಟೆ. ಹೋಸ್ ಸುಲಭವಾಗಿ ಜಾರಲೆಂದು ಎಂಜಿನ್ ಆಯಿಲ್ ಅಥವಾ ಗ್ರೀಸ್ ಸವರುವ ಅಭ್ಯಾಸವನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು; ಈ ಹೋಸುಗಳ ಇಪಿಡಿಎಂ ರಬ್ಬರ್ ಖನಿಜ ತೈಲ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟ್ ಮಿಶ್ರಣವನ್ನೇ ತುಸು ಸವರಿದರೆ ಸಾಕು. (ಎಣ್ಣೆಯ ಡಬ್ಬಿ ಮೇಜಿನ ಮೇಲಿರುವವರೆಗೆ ಗೋಡೆಯ ಸೂಚನಾಫಲಕವನ್ನು ಯಾರೂ ಓದುವುದಿಲ್ಲ, ಡಬ್ಬಿಯನ್ನೇ ತೆಗೆಸಿ.)

ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಇರುವ ಒತ್ತುಜೋಡಣೆಯ ಕನೆಕ್ಟರ್ ಇನ್ನೂ ಬೇಗ ಕೂರುತ್ತದೆಯಾದರೂ ಅರ್ಧ ಕೂತದ್ದು ಪೂರ್ತಿ ಕೂತಂತೆಯೇ ಕಾಣುತ್ತದೆ. ಒತ್ತಿದ ಮೇಲೆ ಹಿಂದಕ್ಕೆ ಎಳೆದು ನೋಡುವುದನ್ನು ಕೆಲಸದ ಕ್ರಮದಲ್ಲೇ ಸೇರಿಸಬೇಕು. ಗ್ಯಾರೇಜಿನ ಮೆಕ್ಯಾನಿಕ್‌ನ ಕೈ ತಲುಪದ ಜಾಗದಲ್ಲಿ ಇದನ್ನು ಬಳಸುವುದಕ್ಕೆ ನನ್ನ ಸಮ್ಮತಿಯಿಲ್ಲ.

ಕೊನೆಯ ಹಂತದಲ್ಲಿ ಗಾಳಿಯನ್ನು ಹೀರಿ ತೆಗೆದು ಕೂಲಂಟ್ ತುಂಬುವ ಯಂತ್ರ, ನಿರ್ವಾತ ನಿಲ್ಲದಿದ್ದರೆ ಸೋರಿಕೆಯನ್ನು ಅಲ್ಲೇ ತಿಳಿಸುತ್ತದೆ. ಹಾಗೆಂದು ಒತ್ತಡ ಪರೀಕ್ಷೆಯನ್ನು ಕೈಬಿಡುವುದು ಸರಿಯಲ್ಲ. ನಿರ್ವಾತವು ಹೋಸನ್ನು ಕೊಳವೆಯ ಮೇಲೆ ಅದುಮಿ ಹಿಡಿಯುವುದರಿಂದ, ಒತ್ತಡ ಏರಿದಾಗ ಮಾತ್ರ ಸೋರುವ ಜೋಡಣೆ ಈ ಹಂತದಲ್ಲಿ ತೇರ್ಗಡೆಯಾಗಿಬಿಡಬಹುದು.