ಹೆರಿಗೆ ರಜೆಯಲ್ಲಿ ಒಂಟಿ ತಾಯಿಯ ಕೈಗೆ ಎಷ್ಟು ಬರುತ್ತದೆ? ಬ್ರಿಟನ್ನಿನ ಲೆಕ್ಕ

ಮಗುವನ್ನು ಒಬ್ಬಳೇ ಸಾಕುವವಳಿಗೆ ಬಾಡಿಗೆ ಕಟ್ಟುವ ದಿನ ಇನ್ನೊಂದು ಸಂಬಳದ ಆಸರೆ ಇರುವುದಿಲ್ಲ. ಹಾಗಾಗಿ ರಜೆಯ ಲೆಕ್ಕವನ್ನು ಹೆರಿಗೆಗೆ ಮೊದಲೇ ಕೂತು ಮಾಡಿಕೊಳ್ಳಬೇಕು. ಇಲ್ಲಿರುವುದು 2025-26ರ ದರಗಳು. ಇವು ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ.

ಮೊದಲು ಕೆಲಸದ ಕಡೆಯಿಂದ ಬರುವ ಹಣ. ಇದಕ್ಕೆ ಸ್ಟ್ಯಾಚುಟರಿ ಮೆಟರ್ನಿಟಿ ಪೇ, ಅಂದರೆ ಎಸ್‌ಎಂಪಿ ಎನ್ನುತ್ತಾರೆ. ಮೊದಲ 6 ವಾರ ಸರಾಸರಿ ಸಂಬಳದ ಶೇ 90. ಮುಂದಿನ 33 ವಾರ ವಾರಕ್ಕೆ 187.18 ಪೌಂಡ್, ಅಥವಾ ಆ ಶೇ 90, ಯಾವುದು ಕಡಿಮೆಯೋ ಅದು. ಹೆರಿಗೆಯ ವಾರಕ್ಕೆ 15 ವಾರ ಮುಂಚೆ ಒಂದೇ ಕಡೆ 26 ವಾರ ಕೆಲಸ ಆಗಿರಬೇಕು, ಸರಾಸರಿ ಸಂಬಳ ವಾರಕ್ಕೆ 125 ಪೌಂಡ್ ಆದರೂ ಇರಬೇಕು. ಇದು ಸಿಗದವರಿಗೆ, ಅಂದರೆ ಹೊಸದಾಗಿ ಕೆಲಸ ಬದಲಿಸಿದವರು, ಸ್ವಂತ ಕೆಲಸದವರಿಗೆ, ಸರ್ಕಾರದಿಂದ ಮೆಟರ್ನಿಟಿ ಅಲೋಯನ್ಸ್ ಉಂಟು. ಅದೂ 39 ವಾರ, ಹೆಚ್ಚೆಂದರೆ ಅದೇ 187.18.

ಮೊತ್ತ ಒಂದೇ ತಾನೆ, ಹೆಸರು ಯಾವುದಾದರೇನು ಅನ್ನಿಸುತ್ತದೆ, ಅಲ್ವಾ? ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಪ್ರತಿ ತಿಂಗಳು ಕೊಡುವ ನೆರವಿಗೆ ಬಂದರೆ, ಆ ಹೆಸರೇ ಎಲ್ಲವನ್ನೂ ನಿರ್ಧರಿಸುತ್ತದೆ. ಎಸ್‌ಎಂಪಿಯನ್ನು ಅದು ದುಡಿಮೆಯ ಹಣ ಎಂದು ನೋಡುತ್ತದೆ. ಮೆಟರ್ನಿಟಿ ಅಲೋಯನ್ಸನ್ನು ಹಾಗೆ ನೋಡುವುದಿಲ್ಲ.

ಒಂದು ಉದಾಹರಣೆ ಮಾಡೋಣ. ತಾಯಿಗೆ 25 ದಾಟಿದೆ, ಒಂದೇ ಮಗು, ಬಾಡಿಗೆಗೆಂದು ತಿಂಗಳಿಗೆ 600 ಪೌಂಡ್ ಮಂಜೂರಾಗಿದೆ ಎಂದುಕೊಳ್ಳಿ. ಯೂನಿವರ್ಸಲ್ ಕ್ರೆಡಿಟ್‌ನ ಮೂಲ ಮೊತ್ತ 400, ಮಗುವಿಗೆ 293, ಬಾಡಿಗೆ 600. ಒಟ್ಟು 1,293. ವಾರಕ್ಕೆ 187.18 ಅಂದರೆ ತಿಂಗಳಿಗೆ ಸುಮಾರು 811.

ಆ 811 ಎಸ್‌ಎಂಪಿ ಆಗಿದ್ದರೆ, ಮೊದಲ 411 ಪೌಂಡನ್ನು ಮುಟ್ಟುವುದೇ ಇಲ್ಲ. ಇದೇ ವರ್ಕ್ ಅಲೋಯನ್ಸ್. ಬಾಡಿಗೆಯ ನೆರವು ಇಲ್ಲದವರಿಗೆ ಇದು 684. ಉಳಿದ 400ರಲ್ಲಿ ಶೇ 55, ಅಂದರೆ 220 ಪೌಂಡ್ ಕಡಿತ. ಯೂನಿವರ್ಸಲ್ ಕ್ರೆಡಿಟ್ 1,073, ಎಸ್‌ಎಂಪಿ ಸೇರಿಸಿ 1,884. ಅದೇ 811 ಮೆಟರ್ನಿಟಿ ಅಲೋಯನ್ಸ್ ಆಗಿದ್ದರೆ ಪೂರ್ತಿ 811 ಕಡಿತ. ಆಗ ಸಿಗುವುದು 482, ಕೈಗೆ ಒಟ್ಟು 1,293. ತಿಂಗಳಿಗೆ 591 ಪೌಂಡ್ ವ್ಯತ್ಯಾಸ! ಇದು ನನಗೆ ನ್ಯಾಯ ಅನ್ನಿಸುವುದಿಲ್ಲ, ಆದರೆ ನಿಯಮ ಇರುವುದೇ ಹೀಗೆ. ಆನ್‌ಲೈನ್ ಕ್ಯಾಲ್ಕುಲೇಟರ್ ಬಳಸುವಾಗ ಎಸ್‌ಎಂಪಿಯನ್ನು ಸಂಬಳದ ಜಾಗದಲ್ಲೇ ತುಂಬಿ. ತಪ್ಪು ಜಾಗದಲ್ಲಿ ತುಂಬಿದರೆ ಉತ್ತರ ತೀರಾ ಕಡಿಮೆ ಬಂದು, ಸುಮ್ನೆ ಹೆದರಿಕೊಳ್ಳಬೇಕಾಗುತ್ತದೆ.

ಇನ್ನು ತಿಂಗಳುಗಳ ಏರಿಳಿತ. ಹೆರಿಗೆಗೆ 11 ವಾರ ಮುಂಚೆಯೇ ರಜೆ ಶುರು ಮಾಡಬಹುದು. ಆದರೆ ಇದು ಮೊದಲ ಮಗುವಾದರೆ, ಹುಟ್ಟುವ ತನಕ ಮಗುವಿನ ಹಣವೂ ಇಲ್ಲ, ಸಾಮಾನ್ಯವಾಗಿ ವರ್ಕ್ ಅಲೋಯನ್ಸೂ ಇಲ್ಲ. ಮೊದಲ ಪೌಂಡಿನಿಂದಲೇ ಶೇ 55 ಹೋಗುತ್ತದೆ. ಶೇ 90 ಬರುವ ವಾರಗಳಲ್ಲಿ ಯೂನಿವರ್ಸಲ್ ಕ್ರೆಡಿಟ್ ಇನ್ನೂ ಇಳಿಯುತ್ತದೆ. ಹೊಸದಾಗಿ ಅರ್ಜಿ ಹಾಕಿದರೆ ಮೊದಲ ಹಣಕ್ಕೆ ಸುಮಾರು 5 ವಾರ ಕಾಯಬೇಕು. ಮುಂಗಡ ಕೇಳಬಹುದು, ಆದರೆ ಅದು ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ.

ಮಕ್ಕಳಿಗಾಗಿ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಬೇರೆ: ಮೊದಲ ಮಗುವಿಗೆ ವಾರಕ್ಕೆ 26.05. ಅದಕ್ಕಾಗಿ ಯೂನಿವರ್ಸಲ್ ಕ್ರೆಡಿಟ್ ಕಡಿಮೆಯಾಗುವುದಿಲ್ಲ. ಮಗುವಿನ ತಂದೆ ಕೊಡುವ ಜೀವನಾಂಶವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಕೇಳಲು ಹಿಂಜರಿಯುತ್ತಾರೆ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ (ಮನೆಗಾಗಿ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ) ಶೇ 25 ರಿಯಾಯಿತಿ. ಉಳಿತಾಯ 16,000 ಪೌಂಡ್ ದಾಟಿದ್ದರೆ ಯೂನಿವರ್ಸಲ್ ಕ್ರೆಡಿಟ್ ಸಿಗುವುದಿಲ್ಲ.

ವೀಸಾ ಮೇಲೆ ಇರುವವರು ಒಂದು ವಿಷಯ ಗಮನಿಸಿ. ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಎಂಬ ಷರತ್ತು ಇದ್ದರೆ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕುವ ಮುಂಚೆ ವಲಸೆ ಸಲಹೆಗಾರರನ್ನು ಕೇಳಲೇಬೇಕು. ಎಸ್‌ಎಂಪಿ ಮತ್ತು ಮೆಟರ್ನಿಟಿ ಅಲೋಯನ್ಸ್ ಸಾರ್ವಜನಿಕ ನಿಧಿಗಳ ಪಟ್ಟಿಯಲ್ಲಿ ಇಲ್ಲ, ಅವನ್ನು ಪಡೆಯಬಹುದು.

ರಜೆ 52 ವಾರ, ಹಣ 39 ವಾರ. ಕೊನೆಯ 13 ವಾರ ಎಸ್‌ಎಂಪಿ ನಿಲ್ಲುತ್ತದೆ. ಯೂನಿವರ್ಸಲ್ ಕ್ರೆಡಿಟ್ 1,293ಕ್ಕೆ ಏರಿದರೂ ನಮ್ಮ ಉದಾಹರಣೆಯ ತಾಯಿಗೆ ತಿಂಗಳಿಗೆ 591 ಪೌಂಡ್ ಖೋತಾ. ಯಾವಾಗ ಕೆಲಸಕ್ಕೆ ಮರಳಬೇಕು ಎಂದು ಯೋಚಿಸುವಾಗ 40ನೇ ವಾರದ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.