ಎವರ್‌ಗ್ಲೇಡ್ಸ್: ಒಂದು ಗೇಣು ನೀರಿನ ಲೆಕ್ಕ

ಫ್ಲೋರಿಡಾದಲ್ಲಿರುವ ಮಕ್ಕಳ ಮನೆಗೆ ಬೆಂಗಳೂರು, ಮೈಸೂರಿನಿಂದ ಅಪ್ಪ ಅಮ್ಮ ಬರುವುದು ಜಾಸ್ತಿ ಮೇ, ಜೂನ್‌ನಲ್ಲಿ. ಒಂದು ಶನಿವಾರ ರಾಜ್ಯದ ದಕ್ಷಿಣದಲ್ಲಿರುವ ದೊಡ್ಡ ಜೌಗು ಭೂಮಿ ಎವರ್‌ಗ್ಲೇಡ್ಸ್‌ಗೂ ಹೋಗುತ್ತಾರೆ. ಸೊಳ್ಳೆ ಕಚ್ಚಿಸಿಕೊಂಡು, ಬೆವರು ಸುರಿಸಿಕೊಂಡು, ದೂರದಲ್ಲಿ ಎಲ್ಲೋ ಒಂದು ಅಲಿಗೇಟರ್ ನೋಡಿ ವಾಪಸ್ ಬರುತ್ತಾರೆ. ‘ಬರೀ ಹುಲ್ಲು, ನೀರು. ಇದಕ್ಕೆ ಇಷ್ಟು ಹೆಸರಾ?’ ಅನ್ನುತ್ತಾರೆ. ಅದೇ ಜಾಗಕ್ಕೆ ಫೆಬ್ರವರಿಯಲ್ಲಿ ಹೋಗಿದ್ದರೆ ಕಾಲಿಟ್ಟಲ್ಲೆಲ್ಲ ಹಕ್ಕಿ, ಅಲಿಗೇಟರ್. ಜೌಗು ಭೂಮಿಯ ನೀರಿನ ಲೆಕ್ಕ ನೋಡುವುದೇ ನನ್ನ ವೃತ್ತಿ. ಹಾಗಾಗಿ ಈ ವ್ಯತ್ಯಾಸ ಯಾಕೆ ಅಂತ ಹೇಳುವುದು ನನಗೆ ಇಷ್ಟದ ಕೆಲಸ.

ಮೊದಲು ಜಾಗದ ಸ್ವರೂಪ. ಒರ್ಲ್ಯಾಂಡೊ ಕಡೆಯಿಂದ ಕಿಸಿಮ್ಮಿ ನದಿ ದಕ್ಷಿಣಕ್ಕೆ ಹರಿದು ಒಕಿಚೋಬಿ ಕೆರೆ ಸೇರುತ್ತದೆ. ಕೆರೆ ಸುಮಾರು 1,900 ಚದರ ಕಿಲೋಮೀಟರ್. ಸರಾಸರಿ ಆಳ ಮಾತ್ರ 3 ಮೀಟರ್‌ಗೂ ಕಡಿಮೆ. ಹಿಂದೆ ಮಳೆಗಾಲದಲ್ಲಿ ಅದು ಕೋಡಿ ಬಿದ್ದು, ನೀರು ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿಕೊಂಡು, 160 ಕಿಲೋಮೀಟರ್ ದೂರದ ಫ್ಲೋರಿಡಾ ಕೊಲ್ಲಿಯ ಕಡೆ ತೆವಳುತ್ತಿತ್ತು. ಇಳಿಜಾರು ಕಿಲೋಮೀಟರಿಗೆ ಸುಮಾರು 3 ಸೆಂಟಿಮೀಟರ್. ನಾವು ಬಚ್ಚಲುಮನೆಯ ನೆಲಕ್ಕೆ ಕೊಡುವ ಇಳಿಜಾರು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಇಲ್ಲಿ ಒಂದು ಗೇಣು ನೀರು ಹೆಚ್ಚಾದರೂ ಕಡಿಮೆಯಾದರೂ ಊರಗಲದ ಕಥೆ ಬದಲಾಗುತ್ತದೆ. ಈ ನೀರಿನಲ್ಲಿ ನಿಂತಿರುವುದು ಸಾಗ್ರಾಸ್. ನೋಡಲು ಹುಲ್ಲು, ಆದರೆ ನಮ್ಮ ಗದ್ದೆಯ ಜೇಕಿನ ಬಳಗದ್ದು. ಅಂಚು ಗರಗಸದ ಹಾಗೆ, ಮುಟ್ಟಿದರೆ ಕೈ ಕುಯ್ಯುತ್ತದೆ.

ವರ್ಷಕ್ಕೆ ಇಲ್ಲಿ ಎರಡೇ ಕಾಲ. ಮೇ ನಡುವಿನಿಂದ ಅಕ್ಟೋಬರ್‌ವರೆಗೆ ಮಳೆ, ಆಮೇಲೆ ಒಣ ಕಾಲ. ಮಳೆಯಲ್ಲಿ ಮೀನು ಎಲ್ಲ ಕಡೆ ಹರಡಿಕೊಂಡು ಮರಿ ಮಾಡುತ್ತವೆ. ನೀರು ಇಳಿಯುತ್ತಾ ಬಂದಂತೆ ಅವೆಲ್ಲ ತಗ್ಗುಗಳಲ್ಲಿ ಬಂದು ಸೇರುತ್ತವೆ. ಅಲಿಗೇಟರ್ ತಾನೇ ತೋಡಿಕೊಂಡ ಹೊಂಡಗಳು ಆಗ ಎಲ್ಲರ ಪಾಲಿಗೂ ಕೊನೆಯ ನೀರು. ವುಡ್ ಸ್ಟಾರ್ಕ್ ಎಂಬ ಕೊಕ್ಕರೆ ಕಾಯುವುದು ಇದಕ್ಕೇ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ ಇದೇ ಕುಲದ್ದು. ಎರಡೂ ಕಣ್ಣಿಗಿಂತ ಸ್ಪರ್ಶವನ್ನು ನಂಬುತ್ತವೆ. ಕೊಕ್ಕು ತೆರೆದು ನೀರಿನಲ್ಲಿ ಆಡಿಸುತ್ತವೆ, ಮೀನು ತಗುಲಿದ ತಕ್ಷಣ ಮುಚ್ಚುತ್ತವೆ. ಮೀನು ಒತ್ತೊತ್ತಾಗಿ ಇಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ. ಮರಿ ಹಾರುವವರೆಗೆ ಮೂರು ನಾಲ್ಕು ತಿಂಗಳು ನೀರು ನಿಧಾನಕ್ಕೆ ಇಳಿಯುತ್ತಲೇ ಇರಬೇಕು. ನಡುವೆ ಮಟ್ಟ ಮತ್ತೆ ಏರಿದರೆ ಮೀನು ಚದುರುತ್ತವೆ, ದೊಡ್ಡ ಹಕ್ಕಿಗಳು ಗೂಡು ಬಿಟ್ಟು ಹೋಗುತ್ತವೆ. 2017ರಲ್ಲಿ ಮಳೆ ಭರ್ಜರಿಯಾಗಿತ್ತು, ಆಮೇಲೆ ನೀರೂ ಹದವಾಗಿ ಇಳಿಯಿತು. 2018ರಲ್ಲಿ ಹಲವು ದಶಕಗಳಲ್ಲೇ ಕಾಣದಷ್ಟು ಗೂಡುಗಳಾದವು. ಜೌಗಿನ ಕೆಲಸ ಮಾಡುವ ನಮ್ಮಂಥವರಿಗೆ ಅದೊಂದು ಹಬ್ಬ.

ಈ ಹದವನ್ನು ಮನುಷ್ಯ ಕೆಡಿಸಿದ ಕಥೆ ದೊಡ್ಡದು. 1880ರ ದಶಕದಿಂದಲೇ ಕಾಲುವೆ ತೋಡಿ ಜೌಗನ್ನು ಒಣಗಿಸುವ ಹುಚ್ಚು ಶುರುವಾಯಿತು. 1928ರ ಚಂಡಮಾರುತದಲ್ಲಿ ಒಕಿಚೋಬಿ ಉಕ್ಕಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಕೆರೆಯ ಸುತ್ತ ಎತ್ತರದ ಏರಿ ಬಂತು. ಅದೇ 1928ರಲ್ಲಿ ನೀರು ಹರಿಯುವ ದಾರಿಗೆ ಅಡ್ಡವಾಗಿ ಟಾಮಿಯಾಮಿ ಟ್ರೇಲ್ ರಸ್ತೆ ತೆರೆಯಿತು. ಹೆಸರಿಗೆ ರಸ್ತೆ, ಕೆಲಸ ಅಣೆಕಟ್ಟಿನದು. 1947ರ ನೆರೆ ಆದ ಮರುವರ್ಷ ಕಾಲುವೆ, ಪಂಪು, ಗೇಟ್‌ಗಳ ಭಾರಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೂಲ ಜೌಗಿನಲ್ಲಿ ಅರ್ಧದಷ್ಟು ಹೊಲ, ಊರು ಆಗಿಹೋಯಿತು. ಕೆರೆಯ ದಕ್ಷಿಣಕ್ಕೆ ಈಗ ಕಬ್ಬಿನ ಗದ್ದೆ. ಅಲ್ಲಿನ ಕಪ್ಪು ಮಣ್ಣು ಕೊಳೆತ ಗಿಡಗಳದ್ದು. ಒಣಗಿ ಗಾಳಿ ತಾಗಿದರೆ ಕರಗಿಹೋಗುತ್ತದೆ. ಬೆಲ್ ಗ್ಲೇಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ 1924ರಲ್ಲಿ 9 ಅಡಿಯ ಕಾಂಕ್ರೀಟ್ ಕಂಬವನ್ನು ಕೆಳಗಿನ ಬಂಡೆಯವರೆಗೆ ಹೂತು, ತುದಿಯನ್ನು ನೆಲದ ಮಟ್ಟಕ್ಕೆ ಇಟ್ಟಿದ್ದರು. ಇವತ್ತು ಅದು ಆಳೆತ್ತರ ಹೊರಗೆ ನಿಂತಿದೆ.

ಗೇಟ್ ಕಟ್ಟಿದ ಮೇಲೆ ಅದನ್ನು ಯಾವಾಗ ತೆರೆಯಬೇಕು ಅನ್ನುವುದೇ ದಿನನಿತ್ಯದ ಜಗಳ. ಒಂದು ಉದಾಹರಣೆ ಸಾಕು. ಕೇಪ್ ಸೇಬಲ್ ಗುಬ್ಬಿ ಎಂಬ ಪುಟ್ಟ ಹಕ್ಕಿ ಇದೆ. ಪ್ರಪಂಚದಲ್ಲಿ ಇರುವುದು ಇಲ್ಲಿ ಮಾತ್ರ. ಹುಲ್ಲಿನ ನಡುವೆ, ನೆಲದಿಂದ ಹೆಚ್ಚುಕಡಿಮೆ ಒಂದು ಗೇಣು ಎತ್ತರದಲ್ಲಿ ಗೂಡು ಕಟ್ಟುತ್ತದೆ. ಅದು ಮುಳುಗದಿರಲಿ ಅಂತ ಟಾಮಿಯಾಮಿ ರಸ್ತೆಯ ಪಶ್ಚಿಮದ ಕೆಲವು ಗೇಟ್‌ಗಳನ್ನು ಹಲವು ತಿಂಗಳು ಮುಚ್ಚುತ್ತಾರೆ. ಆಗ ರಸ್ತೆಯ ಉತ್ತರಕ್ಕೆ ನೀರು ಕಟ್ಟಿಕೊಳ್ಳುತ್ತದೆ. ಅಲ್ಲಿರುವ ಮರದ ದ್ವೀಪಗಳು ಮುಳುಗಿ ಸಾಯುತ್ತವೆ. ಆ ದ್ವೀಪಗಳು ಮಿಕ್ಕೊಸುಕಿ ಮೂಲನಿವಾಸಿಗಳಿಗೆ ಪೂರ್ವಿಕರ ನೆಲ. ಗುಬ್ಬಿಯೂ ಸರಿ, ಮಿಕ್ಕೊಸುಕಿಗಳೂ ಸರಿ. ತಪ್ಪು ಇರುವುದು ಅಷ್ಟಗಲ ಹರಡಿ ಹರಿಯಬೇಕಾದ ನೀರನ್ನು ನಾಲ್ಕು ಗೇಟಿನಲ್ಲಿ ತೂರಿಸಿದ್ದರಲ್ಲಿ.

ನೀರು ಬಂದರೆ ಸಾಲದು, ಶುದ್ಧವೂ ಇರಬೇಕು. ಸಾಗ್ರಾಸ್ ಬಡ ನೀರಿಗೆ ಒಗ್ಗಿದ ಗಿಡ. ಇಲ್ಲಿ ರಂಜಕಕ್ಕೆ ಹಾಕಿರುವ ಮಿತಿ ಶತಕೋಟಿ ಭಾಗಕ್ಕೆ 10 ಭಾಗ. ಗೊಬ್ಬರದ ನೀರು ಬಂದು ಅದು ಮೀರಿದರೆ ಜೊಂಡು ನುಗ್ಗುತ್ತದೆ. ಹಕ್ಕಿ ಇಳಿಯಲು, ಮೀನು ಆಡಲು ತೆರೆದ ಜಾಗವೇ ಉಳಿಯುವುದಿಲ್ಲ. ಇದನ್ನು ತಡೆಯಲು ಸುಮಾರು 60,000 ಎಕರೆ ಕೃತಕ ಜೌಗು ಮಾಡಿ, ಅದರ ಗಿಡಗಳಿಂದಲೇ ನೀರು ಶೋಧಿಸುತ್ತಿದ್ದಾರೆ. ಅದು ಕೆಲಸ ಮಾಡುತ್ತಿದೆ, ಆದರೆ ನಿಧಾನ.

ಟಿವಿಯಲ್ಲಿ ಬರುವುದು ಮಾತ್ರ ಹೆಬ್ಬಾವು. ಸಾಕಿದವರು ಬಿಟ್ಟ ಬರ್ಮಾ ಹೆಬ್ಬಾವು ಇಲ್ಲಿ ನೆಲೆಯೂರಿದೆ. ಅದು ಹೆಚ್ಚು ಕಾಲದಿಂದ ಇರುವ ಜಾಗಗಳಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು 99 ಶೇಕಡಾ ಕಡಿಮೆಯಾಗಿದೆ ಅಂತ 2012ರ ಅಧ್ಯಯನ ಹೇಳಿತು. 2017ರಲ್ಲಿ ತಮಿಳುನಾಡಿನಿಂದ ಇಬ್ಬರು ಇರುಳಿಗರನ್ನು ಹಾವು ಹಿಡಿಯಲು ಕರೆಸಿಕೊಂಡಿದ್ದರು. ಅವರ ಕಣ್ಣಿನ ಚುರುಕು ನೋಡಿ ಇಲ್ಲಿನವರು ಬೆರಗಾದರು. ಹಾವಿನ ಹಾನಿ ನಿಜ, ಪೂರ್ತಿ ತೊಲಗಿಸುವುದು ಈಗ ಆಗದ ಮಾತು. ಆದರೂ ಗೇಟ್‌ಗಳಿಗೆ ಸಿಗಬೇಕಾದ ಗಮನವನ್ನು ಹಾವು ನುಂಗಿದೆ ಅಂತ ನನಗೆ ಅನಿಸುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ನೇರ ಕಾಲುವೆ ಮಾಡಿದ್ದ ಕಿಸಿಮ್ಮಿಯನ್ನು ಮತ್ತೆ ಅಂಕುಡೊಂಕು ಹರಿಯುವಂತೆ ಮಾಡುವ ಕೆಲಸ 2021ರಲ್ಲಿ ಮುಗಿಯಿತು. ಹಕ್ಕಿಗಳು ವಾಪಸ್ ಬಂದಿವೆ. ಆದರೆ ದಕ್ಷಿಣದಲ್ಲಿ ಸಮುದ್ರ ಏರಿ ಉಪ್ಪು ನೀರನ್ನು ಒಳಗೆ ತಳ್ಳುತ್ತಿದೆ. ಅದಕ್ಕೆ ಎದುರು ನಿಲ್ಲಬಲ್ಲದ್ದು ಉತ್ತರದಿಂದ ಬರುವ ಸಿಹಿ ನೀರೇ. ಮಯಾಮಿಯ ಕುಡಿಯುವ ನೀರಿನ ಅಂತರ್ಜಲ ತುಂಬುವುದಕ್ಕೂ ಅದೇ ಬೇಕು.

ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಹೋಮ್‌ಸ್ಟೆಡ್ ಕಡೆಯ ಅನ್‌ಹಿಂಗಾ ಟ್ರೇಲ್ ಅಜ್ಜಿ ತಾತನೂ ನಡೆಯಬಲ್ಲ ದಾರಿ. ಅಲ್ಲಿನ ರಣಹದ್ದುಗಳು ಕಾರಿನ ವೈಪರ್ ರಬ್ಬರ್ ಕಿತ್ತು ತಿನ್ನುತ್ತವೆ, ತಮಾಷೆಯಲ್ಲ. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಪಾರ್ಕಿನವರೇ ಕಾರು ಮುಚ್ಚಲು ಟಾರ್ಪಾಲು ಇಟ್ಟಿರುತ್ತಾರೆ. ಫ್ಲಮಿಂಗೊ ದೋಣಿಕಟ್ಟೆಯಲ್ಲಿ ಮೊಸಳೆ ಕಾಣಬಹುದು. ಅಲಿಗೇಟರ್ ಮೂತಿ ಅಗಲ, ಮೊಸಳೆಯದು ಚೂಪು. ಎರಡೂ ಒಟ್ಟಿಗೆ ಕಾಡಿನಲ್ಲಿ ಬದುಕುವುದು ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ. ಹದಿನೈದು ಅಡಿ ದೂರ ಇರಿ, ತಿಂಡಿ ಎಸೆಯಬೇಡಿ. ಅದು ಕಾನೂನಿಗೂ ವಿರುದ್ಧ. ಏರ್‌ಬೋಟ್ ಮಕ್ಕಳಿಗೆ ಖುಷಿ, ಆದರೆ ಆ ಸದ್ದಿಗೆ ಹಕ್ಕಿಗಳು ಎದ್ದುಹೋಗುತ್ತವೆ. ನನ್ನನ್ನು ಕೇಳಿದರೆ ಶಾರ್ಕ್ ವ್ಯಾಲಿಯ ಟ್ರ್ಯಾಮ್ ಅಥವಾ ಸೈಕಲ್ ವಾಸಿ. 24 ಕಿಲೋಮೀಟರ್ ಸುತ್ತು, ಅರ್ಧ ದಾರಿಯಲ್ಲಿ ನೋಡುಗೋಪುರ. ಮಯಾಮಿಯಿಂದ ಅಲ್ಲಿಗೆ ಹೋಗುವಾಗ ಟಾಮಿಯಾಮಿ ರಸ್ತೆಯನ್ನು ಎತ್ತರಿಸಿ ಕಟ್ಟಿದ ಹೊಸ ಸೇತುವೆಗಳು ಸಿಗುತ್ತವೆ. ಮೊದಲನೆಯದು 2013ರದು. ಬಲಗಡೆ ಕಾಲುವೆ, ಎಡಗಡೆ ಪಾರ್ಕು, ಮುಂದೆ ಆ ದೊಡ್ಡ ಗೇಟ್‌ಗಳು. ಇವತ್ತು ಗೇಟ್ ಯಾಕೆ ಮುಚ್ಚಿದೆ ಅಂತ ಟ್ರ್ಯಾಮ್ ಗೈಡ್‌ನನ್ನು ಒಮ್ಮೆ ಕೇಳಿ ನೋಡಿ. ಉಳಿದ ದಾರಿಯೆಲ್ಲ ಅವರು ಅದನ್ನೇ ಮಾತಾಡಿದರೂ ಆಶ್ಚರ್ಯವಿಲ್ಲ.